ಜೀಪ್ ಎತ್ತರಿಸೋದು: ಶಾಪ್‌ಗೆ ಕೊಡೋದಾ, ಮನೇಲೇ ಮಾಡೋದಾ?

ಇವತ್ತಿನ ವಿಷಯ ಕೇಳುಗರೊಬ್ಬರ ಪ್ರಶ್ನೆಯಿಂದ ಹುಟ್ಟಿದ್ದು. ಅವರು ಅಮೆರಿಕದ ಕೊಲರಾಡೋದಲ್ಲಿದ್ದಾರೆ. ನಾಲ್ಕು ಬಾಗಿಲಿನ, 2013ರ ಮಾಡೆಲ್‌ನ ಹಳೇ ಜೀಪ್ ರ‍್ಯಾಂಗ್ಲರ್ ಒಂದನ್ನು ಕೊಂಡಿದ್ದಾರೆ. ಅದನ್ನು 3 ಇಂಚು ಎತ್ತರಿಸಿ, 35 ಇಂಚಿನ ಟೈರ್ ಹಾಕಿ, ಯೂಟಾದ ಮೋಆಬ್‌ನ ಬಂಡೆಗಳ ಮೇಲೆ ಓಡಿಸಬೇಕು ಅನ್ನೋದು ಆಸೆ. ಲಿಫ್ಟ್ ಕಿಟ್ ಬಾಕ್ಸ್ ಆಗಲೇ ಮನೆಗೆ ಬಂದು ಕೂತಿದೆ. ಆದರೆ ಹತ್ತಿರದ ಆಫ್-ರೋಡ್ ಶಾಪ್ ಹೇಳಿದ ಕೂಲಿ ಕಿಟ್‌ನ ಬೆಲೆಗಿಂತ ಜಾಸ್ತಿ. ಅವರು ಬರೆದದ್ದು ಇಷ್ಟು: ‘ಯೂಟ್ಯೂಬ್ ನೋಡ್ಕೊಂಡು ಶನಿವಾರ-ಭಾನುವಾರ ನಾನೇ ಮಾಡಬಹುದು ಅನ್ಸುತ್ತೆ ಸಾರ್. ಆದ್ರೆ ಹಿಂದಿನ ಸೀಟಲ್ಲಿ ನನ್ನ ಇಬ್ಬರು ಮಕ್ಕಳು ಕೂತಿರ್ತಾರೆ. ಏನು ಮಾಡ್ಲಿ?’

ಇದು ಕಾರಿನ ಪ್ರಶ್ನೆ, ವಿಜ್ಞಾನದ ಪಾಡ್‌ಕಾಸ್ಟ್‌ಗೆ ಯಾಕೆ ಬಂತು ಅಂತ ಕೆಲವರಿಗೆ ಅನ್ನಿಸಬಹುದು. ನನಗನ್ನಿಸೋ ಪ್ರಕಾರ ಇದರಷ್ಟು ಚೆನ್ನಾಗಿ ಹೈಸ್ಕೂಲ್ ಭೌತಶಾಸ್ತ್ರ ಕಲಿಸೋ ಪ್ರಶ್ನೆ ಇನ್ನೊಂದಿಲ್ಲ. ಟಾರ್ಕ್, ಘರ್ಷಣೆ, ಗುರುತ್ವ ಕೇಂದ್ರ, ಸ್ಪ್ರಿಂಗ್‌ನಲ್ಲಿ ಕೂತ ಶಕ್ತಿ, ಆಂದೋಲನ, ಎಲ್ಲವೂ ಆ ಗಾಡಿಯ ಹೊಟ್ಟೆಯ ಕೆಳಗೆ ಇವೆ.

ಮೊದಲು ದುಡ್ಡಿನ ಮಾತು ಬೇಗ ಮುಗಿಸಿಬಿಡೋಣ. ಅಮೆರಿಕದಲ್ಲಿ ಶಾಪ್ ಕೂಲಿ ಊರಿಂದ ಊರಿಗೆ ಬದಲಾಗುತ್ತೆ, ಗಂಟೆಗೆ 100ರಿಂದ 200 ಡಾಲರ್ ಅಂದುಕೊಳ್ಳಿ. ಹತ್ತು ಗಂಟೆಯ ಕೆಲಸ, ಗಂಟೆಗೆ 150 ಅಂದ್ರೆ 1,500 ಡಾಲರ್. ಅದೇ ಕೆಲಸ ಮೊದಲ ಸಲ ಮಾಡೋರಿಗೆ ಎರಡರಷ್ಟು ಹೊತ್ತು ಹಿಡಿಯುತ್ತೆ. ಒಳ್ಳೆಯ ಫ್ಲೋರ್ ಜ್ಯಾಕ್, ನಾಲ್ಕು ಸ್ಟ್ಯಾಂಡ್, ಸಾಕೆಟ್ ಸೆಟ್, ಟಾರ್ಕ್ ರೆಂಚ್ ಕೊಂಡರೂ ದುಡ್ಡು ಉಳಿಯುತ್ತೆ, ಉಪಕರಣಗಳೂ ಮನೆಯಲ್ಲಿ ಉಳಿಯುತ್ತವೆ. ಆಟೋಜೋನ್ ತರದ ಅಂಗಡಿಗಳು ಠೇವಣಿ ಇಟ್ಟುಕೊಂಡು ಉಪಕರಣವನ್ನು ಎರವಲು ಕೂಡ ಕೊಡ್ತವೆ. ಹಾಗಾಗಿ ಬರೀ ದುಡ್ಡಿನ ಲೆಕ್ಕದಲ್ಲಿ ಮನೇಲಿ ಮಾಡೋದೇ ಗೆಲ್ಲುತ್ತೆ.

ನಮ್ಮ ಊರಲ್ಲಿ ಈ ಲೆಕ್ಕ ತಲೆಕೆಳಗು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಮೆಕ್ಯಾನಿಕ್ ಕೈಗೆ ಕೊಟ್ಟರೆ ಸಾಮಾನ್ಯವಾಗಿ ಕೂಲಿಗಿಂತ ಭಾಗದ ಬೆಲೆಯೇ ಜಾಸ್ತಿ. ಅದಕ್ಕೇ ನಮ್ಮಲ್ಲಿ ಬಹಳ ಜನಕ್ಕೆ ಸ್ಪ್ಯಾನರ್ ಹಿಡಿದು ಅಭ್ಯಾಸ ಇಲ್ಲ. ಇಲ್ಲಿಗೆ ಬಂದಮೇಲೆ, ಮೂವತ್ತೈದನೇ ವಯಸ್ಸಲ್ಲಿ, ಮೊದಲ ಸಲ ಚಕ್ರ ಬಿಚ್ಚೋರು ಎಷ್ಟೋ ಜನ. ಅದರಲ್ಲಿ ನಾಚಿಕೆ ಏನಿಲ್ಲ. ಆದರೆ ಮೊದಲ ಸಲ ಬಿಚ್ಚೋ ಕೆಲಸ ಯಾವುದಿರಬೇಕು ಅನ್ನೋದನ್ನ ಯೋಚಿಸಬೇಕು.

ನಾನು ಕೇಳೋ ಪ್ರಶ್ನೆ ಬೇರೆ: ಈ ಕೆಲಸದಲ್ಲಿ ತಪ್ಪಾದರೆ, ತಪ್ಪಾಗಿದೆ ಅಂತ ನನಗೆ ಯಾವಾಗ ಗೊತ್ತಾಗುತ್ತೆ, ಎಲ್ಲಿ ಗೊತ್ತಾಗುತ್ತೆ? ಕೆಲವು ಕೆಲಸ ಕೆಟ್ಟರೆ ಕೂಗಿ ಹೇಳ್ತವೆ. ಲೈಟ್ ಹತ್ತಲ್ಲ, ಬಂಪರ್ ಲೊಡಲೊಡ ಅನ್ನುತ್ತೆ, ಮನೆ ಮುಂದೆಯೇ ಗೊತ್ತಾಗುತ್ತೆ. ಕೆಲವು ಗುಟ್ಟಾಗಿ ಕೆಡ್ತವೆ. ಡ್ರೈವ್‌ವೇನಲ್ಲಿ ಎಲ್ಲ ಸರಿ ಇರುತ್ತೆ, ಮೂರು ತಿಂಗಳಾದ ಮೇಲೆ ಹೈವೇಯಲ್ಲಿ 65 ಮೈಲಿ ವೇಗದಲ್ಲಿ ಗೊತ್ತಾಗುತ್ತೆ. ಮೊದಲ ಗುಂಪು ಮನೆಗೆ. ಎರಡನೇ ಗುಂಪಿನ ಬಗ್ಗೆ ಇವತ್ತು ಹೆಚ್ಚು ಮಾತಾಡೋಣ.

ಎತ್ತರಿಸಿದಾಗ ನಿಜಕ್ಕೂ ಏನಾಗುತ್ತೆ

ಈ ರ‍್ಯಾಂಗ್ಲರ್‌ನ ಮುಂದೆ-ಹಿಂದೆ ಎರಡೂ ಕಡೆ ಗಟ್ಟಿ ಆಕ್ಸಲ್ ಇದೆ. ಅಂದ್ರೆ ಎಡ-ಬಲ ಚಕ್ರಗಳನ್ನ ಸೇರಿಸೋ ಒಂದೇ ಉಕ್ಕಿನ ತೊಲೆ. ಅದು ಸ್ಪ್ರಿಂಗ್ ಮೂಲಕ ಗಾಡಿಯ ಭಾರ ಹೊರುತ್ತೆ. ಆದರೆ ಸ್ಪ್ರಿಂಗ್‌ಗೆ ಅದನ್ನು ಜಾಗದಲ್ಲಿ ಹಿಡಿದಿಡೋ ಶಕ್ತಿ ಇಲ್ಲ. ಹಿಂದೆ-ಮುಂದೆ ಜರುಗದ ಹಾಗೆ ನಾಲ್ಕು ಕಂಟ್ರೋಲ್ ಆರ್ಮ್‌ಗಳು ಹಿಡಿದಿರ್ತವೆ. ಎಡಕ್ಕೆ-ಬಲಕ್ಕೆ ಜರುಗದ ಹಾಗೆ ಒಂದು ಓರೆ ಸರಳು ಹಿಡಿದಿರುತ್ತೆ. ಅದರ ಹೆಸರು ಟ್ರ್ಯಾಕ್ ಬಾರ್. ಒಂದು ತುದಿ ಡ್ರೈವರ್ ಕಡೆ ಚಾಸಿಸ್‌ಗೆ, ಇನ್ನೊಂದು ತುದಿ ಪ್ಯಾಸೆಂಜರ್ ಕಡೆ ಆಕ್ಸಲ್‌ಗೆ.

ಈಗ ಉದ್ದದ ಸ್ಪ್ರಿಂಗ್ ಹಾಕಿ ಗಾಡಿಯನ್ನ 3 ಇಂಚು, ಅಂದ್ರೆ ಸುಮಾರು 75 ಮಿಲಿಮೀಟರ್, ಮೇಲೆತ್ತಿದಿರಿ. ಟ್ರ್ಯಾಕ್ ಬಾರ್‌ನ ಉದ್ದ ಬದಲಾಗಲಿಲ್ಲ, ಓರೆ ಮಾತ್ರ ಜಾಸ್ತಿ ಆಯ್ತು. ಗೋಡೆಗೆ ಒರಗಿಸಿದ ಏಣಿಯನ್ನ ನೆನೆಸಿಕೊಳ್ಳಿ: ತುದಿ ಮೇಲೆ ಹೋದಷ್ಟೂ ಬುಡ ಗೋಡೆ ಹತ್ತಿರ ಬರುತ್ತೆ. ಉದಾಹರಣೆಗೆ ಸರಳು 840 ಮಿಲಿಮೀಟರ್ ಇದ್ದು, ಎರಡು ತುದಿಗಳ ಎತ್ತರದ ವ್ಯತ್ಯಾಸ 80ರಿಂದ 155 ಮಿಲಿಮೀಟರ್‌ಗೆ ಹೋಯ್ತು ಅನ್ನಿ. ಪೈಥಾಗೊರಸ್ ಪ್ರಮೇಯ ಹಾಕಿ ನೋಡಿ, ಆಕ್ಸಲ್ ಸುಮಾರು 1 ಸೆಂಟಿಮೀಟರ್ ಡ್ರೈವರ್ ಕಡೆಗೆ ಜರುಗಿರುತ್ತೆ. ಅದಕ್ಕೇ ಒಳ್ಳೆಯ ಕಿಟ್‌ಗಳಲ್ಲಿ ಉದ್ದ ಹೊಂದಿಸಬಹುದಾದ ಟ್ರ್ಯಾಕ್ ಬಾರ್ ಅಥವಾ ಅದರ ಬುಡ ಎತ್ತರಿಸೋ ಬ್ರಾಕೆಟ್ ಇರುತ್ತೆ. ನಿಮ್ಮ ಬಾಕ್ಸ್‌ನಲ್ಲಿ ಇದೆಯಾ, ತೆಗೆದು ನೋಡಿ. ಬರೀ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಇದ್ದರೆ ಅದು ಅರ್ಧ ಕಿಟ್.

ಸ್ಟೀರಿಂಗ್‌ನಿಂದ ಚಕ್ರಕ್ಕೆ ಹೋಗೋ ಡ್ರ್ಯಾಗ್ ಲಿಂಕ್‌ಗೂ ಇದೇ ಗತಿ. ಗಾಡಿ ನೆಟ್ಟಗೆ ಹೋಗ್ತಿದ್ದರೂ ಸ್ಟೀರಿಂಗ್ ಚಕ್ರ ವಾರೆ ನಿಂತಿರುತ್ತೆ. ನೋಡೋಕೆ ಸಣ್ಣ ತೊಂದರೆ. ಆದರೆ ಈ ಗಾಡಿಯಲ್ಲಿ ಸ್ಟೆಬಿಲಿಟಿ ಕಂಟ್ರೋಲ್ ಇದೆ. ಸ್ಟೀರಿಂಗ್ ತಿರುಗಿದೆ, ಗಾಡಿ ತಿರುಗ್ತಿಲ್ಲ, ಹಾಗಾದ್ರೆ ಜಾರ್ತಿದೆ ಅಂತ ಕಂಪ್ಯೂಟರ್ ಲೆಕ್ಕ ಹಾಕಿ ಒಂದೇ ಕಡೆಯ ಬ್ರೇಕ್ ಹಿಡಿಯಬಹುದು. ಹಾಗಾಗಿ ಡ್ರ್ಯಾಗ್ ಲಿಂಕ್ ಹೊಂದಿಸಿ ಸ್ಟೀರಿಂಗ್ ನೆಟ್ಟಗೆ ಮಾಡೋ ತನಕ ಗಾಡಿಯನ್ನ ರಸ್ತೆಗೆ ಇಳಿಸಬೇಡಿ. ಇದು ಒಂದು ಸ್ಪ್ಯಾನರ್‌ನಲ್ಲಿ ಹತ್ತು ನಿಮಿಷದ ಕೆಲಸ.

ಇನ್ನು ಕ್ಯಾಸ್ಟರ್. ಕಾಸ್ಟ್‌ಕೋದಲ್ಲಿ ತಳ್ಳುಗಾಡಿ ತಳ್ಳುವಾಗ ಮುಂದಿನ ಪುಟ್ಟ ಚಕ್ರಗಳನ್ನ ಗಮನಿಸಿ. ತಿರುಗೋ ಅಚ್ಚು ಮುಂದೆ ಇರುತ್ತೆ, ಚಕ್ರ ನೆಲ ಮುಟ್ಟೋ ಜಾಗ ಸ್ವಲ್ಪ ಹಿಂದೆ. ಅದಕ್ಕೇ ಚಕ್ರ ತಾನಾಗೇ ನೆಟ್ಟಗಾಗುತ್ತೆ. ಕಾರಿನಲ್ಲಿ ಇದೇ ಕೆಲಸವನ್ನ ಸ್ಟೀರಿಂಗ್ ಅಚ್ಚನ್ನು ಹಿಂದಕ್ಕೆ ಸ್ವಲ್ಪ ಒರಗಿಸಿ ಮಾಡ್ತಾರೆ. ಈ ಜೀಪ್‌ನಲ್ಲಿ ಅದು ಕಾರ್ಖಾನೆಯಿಂದ 4 ಡಿಗ್ರಿ ಆಸುಪಾಸು. ಚಕ್ರದ ತ್ರಿಜ್ಯ 400 ಮಿಲಿಮೀಟರ್ ಅಂದ್ರೆ, 4 ಡಿಗ್ರಿಗೆ ನೆಲದ ಮೇಲೆ ಸಿಗೋ ಅಂತರ 28 ಮಿಲಿಮೀಟರ್. ಲಿಫ್ಟ್ ಮಾಡಿದಾಗ ಕಂಟ್ರೋಲ್ ಆರ್ಮ್‌ಗಳು ಕೆಳಕ್ಕೆ ಬಾಗಿ ಆಕ್ಸಲ್ ತುಸು ಮುಂದಕ್ಕೆ ಹೊರಳುತ್ತೆ, ಕ್ಯಾಸ್ಟರ್ ಕಮ್ಮಿ ಆಗುತ್ತೆ. 2 ಡಿಗ್ರಿಗೆ ಇಳಿದರೆ ಅಂತರ 14 ಮಿಲಿಮೀಟರ್, ಸರಿ ಅರ್ಧ. ಸ್ಟೀರಿಂಗ್ ಹಗುರ ಆಗುತ್ತೆ, ಗಾಡಿ ರಸ್ತೆ ಮೇಲೆ ಅಲೆಯುತ್ತೆ, ತಿರುವಿನಿಂದ ಸ್ಟೀರಿಂಗ್ ತಾನಾಗೇ ವಾಪಸ್ ಬರಲ್ಲ. ಸ್ವಲ್ಪ ಉದ್ದದ ಕೆಳ ಆರ್ಮ್ ಅಥವಾ ಬ್ರಾಕೆಟ್ ಹಾಕಿ ಸರಿ ಮಾಡ್ತಾರೆ. ಹಾಕೋದು ನೀವೇ ಮಾಡಬಹುದು. ಅಳೆಯೋದಕ್ಕೆ ಅಲೈನ್‌ಮೆಂಟ್ ಯಂತ್ರ ಬೇಕು.

ಇಲ್ಲೇ ಡೆತ್ ವಾಬಲ್ ಬಗ್ಗೆ ಹೇಳಬೇಕು, ಯಾಕಂದ್ರೆ ಜೀಪ್ ಇರೋರೆಲ್ಲ ಇದರ ಕಥೆ ಕೇಳಿರ್ತೀರಿ. 50 ಮೈಲಿ ಆಸುಪಾಸಿನ ವೇಗದಲ್ಲಿ ಸಣ್ಣ ಗುಂಡಿ ಸಿಗುತ್ತೆ, ಇದ್ದಕ್ಕಿದ್ದಂತೆ ಮುಂದಿನ ಎರಡೂ ಚಕ್ರ ಎಡ-ಬಲ ಪಟಪಟ ಬಡಿದುಕೊಳ್ಳೋಕೆ ಶುರು. ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡು ಹೋಗೋ ಹಾಗೆ ಆಗುತ್ತೆ. ತಾನಾಗೇ ನಿಲ್ಲಲ್ಲ. ಉಯ್ಯಾಲೆಯನ್ನ ಪ್ರತಿ ಸಲ ಸರಿಯಾದ ಹೊತ್ತಿಗೆ ತಳ್ಳಿದರೆ ತೂಗು ಹೆಚ್ಚಾಗುತ್ತಲ್ಲ, ಹಾಗೇ ಇಲ್ಲಿ ಗಾಡಿ ಮುಂದೆ ಹೋಗ್ತಿರೋ ಶಕ್ತಿಯೇ ಪ್ರತಿ ಸುತ್ತಿನಲ್ಲೂ ಚಕ್ರವನ್ನ ತಳ್ಳುತ್ತೆ. ತಳ್ಳಿದ ಶಕ್ತಿಗಿಂತ ಘರ್ಷಣೆ ನುಂಗೋ ಶಕ್ತಿ ಜಾಸ್ತಿ ಇದ್ದರೆ ನಡುಕ ಸಾಯುತ್ತೆ. ಎಲ್ಲೋ ಒಂದು ಬೋಲ್ಟ್‌ನಲ್ಲಿ ಸಡಿಲ ಇದ್ದರೆ ಸಾಯಲ್ಲ, ಬೆಳೆಯುತ್ತೆ. ಅಪರಾಧಿ ಬಹಳ ಸಲ ಟ್ರ್ಯಾಕ್ ಬಾರ್‌ನ ಸಡಿಲ ಬೋಲ್ಟ್ ಅಥವಾ ಅಗಲವಾದ ತೂತು. ಸವೆದ ಬಾಲ್ ಜಾಯಿಂಟ್, ಬ್ಯಾಲೆನ್ಸ್ ಆಗದ ದೊಡ್ಡ ಟೈರ್ ಜೊತೆ ಸೇರಿಕೊಳ್ತವೆ. ಹೊಸ ಸ್ಟೀರಿಂಗ್ ಡ್ಯಾಂಪರ್ ಹಾಕಿ ಸರಿಹೋಯ್ತು ಅನ್ನೋರಿದ್ದಾರೆ. ಅದು ಜ್ವರಕ್ಕೆ ಕಾರಣ ಹುಡುಕದೆ ಬರೀ ಮಾತ್ರೆ ನುಂಗಿದ ಹಾಗೆ. ಅಂದಹಾಗೆ, ಓಡಿಸುವಾಗ ಹೀಗಾದರೆ ಸ್ಟೀರಿಂಗ್ ಗಟ್ಟಿ ಹಿಡಿದು ನಿಧಾನಕ್ಕೆ ವೇಗ ಇಳಿಸಿ ಪಕ್ಕಕ್ಕೆ ನಿಲ್ಲಿಸಿ. ತಿರುಗಿಸಿ ಸರಿಮಾಡೋಕೆ ಹೋಗಬೇಡಿ.

ಒಂದು ಬೋಲ್ಟ್‌ನ ಕಥೆ

ಹಾಗಾದ್ರೆ ಆ ಬೋಲ್ಟ್ ಯಾಕೆ ಸಡಿಲ ಆಗುತ್ತೆ? ಬಹಳ ಜನ ಬೋಲ್ಟ್ ಅಂದ್ರೆ ತೂತಿನಲ್ಲಿ ತೂರಿಸಿದ ಗೂಟ, ಅದೇ ಭಾರ ತಡೆಯುತ್ತೆ ಅಂದ್ಕೊಂಡಿದ್ದಾರೆ. ನಿಜವಾಗಿ ಬೋಲ್ಟ್ ಒಂದು ಬಿಗಿಯಾದ ಸ್ಪ್ರಿಂಗ್. ಬಿಗಿ ಮಾಡಿದಾಗ ಅದು ಕೂದಲೆಳೆಯಷ್ಟು ಹಿಗ್ಗುತ್ತೆ, ವಾಪಸ್ ಕುಗ್ಗೋಕೆ ನೋಡುತ್ತೆ, ಆ ಎಳೆತದಿಂದ ಎರಡು ಲೋಹಗಳನ್ನ ಒಂದಕ್ಕೊಂದು ಅಪ್ಪಿಸಿ ಹಿಡಿಯುತ್ತೆ. ಭಾರ ತಡೆಯೋದು ಆ ಲೋಹಗಳ ನಡುವಿನ ಘರ್ಷಣೆ.

ಲೆಕ್ಕ ನೋಡಿ. 14 ಮಿಲಿಮೀಟರ್ ಬೋಲ್ಟ್, ಬಿಗಿ 125 ಪೌಂಡ್-ಅಡಿ, ಅಂದ್ರೆ ಸುಮಾರು 170 ನ್ಯೂಟನ್-ಮೀಟರ್ ಅನ್ನೋಣ. ಒಣ ಬೋಲ್ಟ್‌ಗೆ ಎಂಜಿನಿಯರ್‌ಗಳು ಬಳಸೋ ಸಾಮಾನ್ಯ ಗುಣಾಂಕ 0.2. ಟಾರ್ಕನ್ನು ಗುಣಾಂಕ ಮತ್ತು ವ್ಯಾಸದಿಂದ ಭಾಗಿಸಿದರೆ ಸುಮಾರು 60,000 ನ್ಯೂಟನ್ ಬರುತ್ತೆ, ಆರು ಟನ್ ಭಾರದ ಅಪ್ಪುಗೆ. ನೀವು ಕೈಯಲ್ಲಿ ಹಾಕಿದ ಟಾರ್ಕ್‌ನಲ್ಲಿ ಸರಿಸುಮಾರು ಅರ್ಧ ಬೋಲ್ಟ್ ತಲೆಯ ಕೆಳಗಿನ ಘರ್ಷಣೆಗೆ ಹೋಗುತ್ತೆ, ಇನ್ನೊಂದು ಶೇ. 40 ಥ್ರೆಡ್‌ಗಳ ಘರ್ಷಣೆಗೆ. ಬರೀ ಶೇ. 10 ಭಾಗ ಬೋಲ್ಟನ್ನು ಹಿಗ್ಗಿಸುತ್ತೆ. ಅದಕ್ಕೇ ಜಾರಲಿ ಅಂತ ಥ್ರೆಡ್‌ಗೆ ಗ್ರೀಸ್ ಹಚ್ಚಿದರೆ ಎಲ್ಲ ಬದಲಾಗುತ್ತೆ. ಗುಣಾಂಕ 0.15ಕ್ಕೆ ಇಳಿದರೆ ಅದೇ ಟಾರ್ಕ್‌ನಲ್ಲಿ ಎಳೆತ ಮೂರನೇ ಒಂದು ಭಾಗ ಹೆಚ್ಚಾಗಿ 80,000 ನ್ಯೂಟನ್ ದಾಟುತ್ತೆ, ಬೋಲ್ಟ್ ಸೋಲಬಹುದು. ಮ್ಯಾನುಯಲ್ ಒಣಗಿದ್ದು ಅಂದ್ರೆ ಒಣಗಿದ್ದೇ, ಎಣ್ಣೆ ಅಂದ್ರೆ ಎಣ್ಣೆಯೇ.

‘ಕೈಗೆ ಅಂದಾಜು ಸಿಗುತ್ತೆ’ ಅನ್ನೋ ಮಾತು ಇಲ್ಲಿ ನಡೆಯಲ್ಲ. ಎರಡು ಅಡಿ ಉದ್ದದ ರೆಂಚ್‌ನಲ್ಲಿ 125 ಪೌಂಡ್-ಅಡಿಗೆ 62 ಪೌಂಡ್ ಬಲ ಬೇಕು, ಗಾಡಿ ಕೆಳಗೆ ಅಂಗಾತ ಮಲಗಿ ಅಷ್ಟು ಎಳೆಯೋದು ಕಷ್ಟ. ಬಹಳ ಜನ ಅರ್ಧಕ್ಕೇ ನಿಲ್ಲಿಸಿಬಿಡ್ತಾರೆ. ಅಪ್ಪುಗೆ ಕಮ್ಮಿ ಆದ್ರೆ ಬುಷ್ ಒಳಗಿನ ಉಕ್ಕಿನ ಕೊಳವೆ ಬ್ರಾಕೆಟ್ ಮೇಲೆ ಚೂರು-ಚೂರೇ ಜಾರುತ್ತೆ, ತೂತು ಮೊಟ್ಟೆಯಾಕಾರ ಆಗುತ್ತೆ. ಆಮೇಲೆ ಎಷ್ಟೇ ಬಿಗಿ ಮಾಡಿದ್ರೂ ಪ್ರಯೋಜನ ಇಲ್ಲ. ಇದು ಗುಟ್ಟಾಗಿ ಕೆಡೋ ಕೆಲಸಕ್ಕೆ ಒಳ್ಳೆಯ ಉದಾಹರಣೆ. ಆದರೆ ನೋಡಿ, ಒಂದು ಟಾರ್ಕ್ ರೆಂಚ್ ಇದ್ದರೆ ಈ ಗುಟ್ಟು ಬಯಲಾಗುತ್ತೆ. ಅಳೆಯೋಕೆ ಆಗುತ್ತೆ ಅಂದ್ರೆ ಮನೇಲಿ ಮಾಡೋಕೂ ಆಗುತ್ತೆ.

ಇನ್ನೊಂದು ವಿಷಯ, ಬಹಳಷ್ಟು ವಿಡಿಯೋಗಳಲ್ಲಿ ಹೇಳೋದೇ ಇಲ್ಲ. ಕಾರ್ಖಾನೆಯ ಕಂಟ್ರೋಲ್ ಆರ್ಮ್ ತುದಿಯ ರಬ್ಬರ್ ಬುಷ್ ಬೇರಿಂಗ್ ತರ ತಿರುಗಲ್ಲ. ರಬ್ಬರ್ ಒಳಗಿನ ಕೊಳವೆಗೆ ಅಂಟಿರುತ್ತೆ, ಬೋಲ್ಟ್ ಬಿಗಿಯಾದ ಮೇಲೆ ಆರ್ಮ್ ಅಲ್ಲಾಡಿದಷ್ಟೂ ರಬ್ಬರ್ ತಿರುಚಿಕೊಳ್ಳುತ್ತೆ. ಗಾಡಿ ಸ್ಟ್ಯಾಂಡ್ ಮೇಲಿದ್ದು ಆಕ್ಸಲ್ ಜೋತಾಡ್ತಿರುವಾಗ ಬೋಲ್ಟ್ ಪೂರ್ತಿ ಬಿಗಿ ಮಾಡಿದಿರಿ ಅನ್ನಿ. ಚಕ್ರ ಹಾಕಿ ಕೆಳಗಿಳಿಸಿದ ಕೂಡಲೇ ರಬ್ಬರ್ ಹಿಂಡಿದ ಬಟ್ಟೆ ತರ ತಿರುಚಿಕೊಂಡು, ಹಾಗೇ ಇರುತ್ತೆ, ದಿನಾ. ಬೇಗ ಹರಿಯುತ್ತೆ. ಸರಿಯಾದ ಕ್ರಮ: ಬೋಲ್ಟ್‌ಗಳನ್ನ ಸುಮ್ಮನೆ ಕೂರಿಸಿ, ಚಕ್ರ ಹಾಕಿ, ಗಾಡಿಯ ಪೂರ್ತಿ ಭಾರ ನೆಲದ ಮೇಲೆ ಬಿಟ್ಟು, ಒಂದೆರಡು ಸಲ ಕುಲುಕಿಸಿ, ಆಮೇಲೆ ಟಾರ್ಕ್ ರೆಂಚ್ ಹಾಕೋದು.

ಸ್ಪ್ರಿಂಗ್ ಒಳಗಿನ ಅಕ್ಕಿ ಚೀಲ

ಇಲ್ಲಿ ಗಾಡಿಯಿಂದ ಗಾಡಿಗೆ ಉತ್ತರ ಬದಲಾಗುತ್ತೆ. ರ‍್ಯಾಂಗ್ಲರ್‌ನಲ್ಲಿ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಶಾಕ್ ಮತ್ತು ಸ್ವೇ ಬಾರ್ ಲಿಂಕ್ ಬಿಚ್ಚಿ ಆಕ್ಸಲನ್ನು ಜ್ಯಾಕ್ ಮೇಲೆ ನಿಧಾನ ಇಳಿಸಿದರೆ ಸ್ಪ್ರಿಂಗ್ ಹಿಗ್ಗಿ, ಸಡಿಲಾಗಿ, ಕೈಗೆ ಬರುತ್ತೆ. ಇಳಿಸುವಾಗ ಬ್ರೇಕ್ ಹೋಸ್ ಮತ್ತು ಚಕ್ರದ ಸೆನ್ಸರ್ ವೈರ್ ಎಳೆದುಕೊಳ್ಳದ ಹಾಗೆ ನೋಡ್ಕೊಳ್ಳಿ, ಅಷ್ಟೆ.

ಟೊಯೊಟಾ ಟಕೋಮಾ, ಫೋರ್‌ರನ್ನರ್ ಇರೋರಿಗೆ ಕಥೆ ಬೇರೆ. ಅಲ್ಲಿ ಮುಂದೆ ಶಾಕ್ ಸುತ್ತಲೂ ಸ್ಪ್ರಿಂಗನ್ನ ಅದುಮಿ ಮೇಲೊಂದು ನಟ್ ಹಾಕಿ ಕೂರಿಸಿರ್ತಾರೆ. ಹೊರಗೆ ತೆಗೆದು ಮೇಜಿನ ಮೇಲಿಟ್ಟರೂ ಅದು ಅದುಮಿಕೊಂಡೇ ಇರುತ್ತೆ. ಸ್ಪ್ರಿಂಗ್ ಮಿಲಿಮೀಟರ್‌ಗೆ 105 ನ್ಯೂಟನ್ ಗಟ್ಟಿ ಇದ್ದು, ಕಂಪ್ರೆಸರ್‌ನಲ್ಲಿ 5 ಇಂಚು ಅದುಮಿದಿರಿ ಅನ್ನೋಣ. ಬಲ 13,000 ನ್ಯೂಟನ್‌ಗೂ ಹೆಚ್ಚು. ಶಕ್ತಿ ಎಷ್ಟು? ಅರ್ಧ ಗುಣಿಸು ಗಟ್ಟಿತನ ಗುಣಿಸು ಅದುಮಿದ ದೂರದ ವರ್ಗ: ಸುಮಾರು 850 ಜೂಲ್. ಇಂಡಿಯನ್ ಸ್ಟೋರ್‌ನ 20 ಪೌಂಡಿನ ಸೋನಾ ಮಸೂರಿ ಚೀಲ ಮೂರನೇ ಮಹಡಿಯಿಂದ ತಲೆ ಮೇಲೆ ಬಿದ್ದಷ್ಟು. ಅಗ್ಗದ ಎರಡು ಕೊಕ್ಕೆಯ ಕಂಪ್ರೆಸರ್ ಜಾರಿದರೆ ಅಷ್ಟೂ ಒಂದೇ ಕ್ಷಣದಲ್ಲಿ ಹೊರಗೆ ಬರುತ್ತೆ, ನಿಮ್ಮ ಮುಖ ಒಂದಡಿ ದೂರದಲ್ಲಿರುತ್ತೆ.

ಇಲ್ಲಿ ನಾನು ನೇರ ಹೇಳ್ತೀನಿ: ಇದನ್ನ ಮನೇಲಿ ಮಾಡಬೇಡಿ. ಆದರೆ ಇಡೀ ಗಾಡಿ ಶಾಪ್‌ಗೆ ಕೊಡಬೇಕಾಗಿಲ್ಲ. ಜೋಡಣೆಯನ್ನ ಪೂರ್ತಿಯಾಗಿ ನೀವೇ ಬಿಚ್ಚಿ, ಗಾಡಿಯಿಂದ ತೆಗೆದು, ಶಾಪ್‌ಗೆ ಒಯ್ಯಿರಿ. ಗೋಡೆಗೆ ಬಿಗಿದ ದೊಡ್ಡ ಕಂಪ್ರೆಸರ್‌ನಲ್ಲಿ ಅವರು ಸ್ಪ್ರಿಂಗ್ ಬದಲಿಸಿ ಕೊಡ್ತಾರೆ. ಅಥವಾ ಕಾರ್ಖಾನೆಯಲ್ಲೇ ಜೋಡಿಸಿದ ಹೊಸದನ್ನೇ ಕೊಳ್ಳಿ. ಶಾಪ್ ಇಲ್ಲಾ ಮನೆ ಅಂತ ಎರಡೇ ದಾರಿ ಅಂದುಕೊಳ್ಳೋದೇ ತಪ್ಪು, ಕೆಲಸವನ್ನ ತುಂಡು ಮಾಡಿ ಹಂಚಬಹುದು.

ಇನ್ನು ಜ್ಯಾಕ್. ಜ್ಯಾಕ್ ಇರೋದು ಎತ್ತೋಕೆ, ಹಿಡಿದಿಡೋಕೆ ಅಲ್ಲ. ಕೆಳಗೆ ಹೋಗೋ ಮುಂಚೆ ಸ್ಟ್ಯಾಂಡ್ ಬೇಕು, ಗಟ್ಟಿ ಕಾಂಕ್ರೀಟ್ ನೆಲ ಬೇಕು, ಚಕ್ರಕ್ಕೆ ಅಡ್ಡ ಇಡಬೇಕು. ಬಿಸಿಲಿಗೆ ಮೆತ್ತಗಾದ ಡಾಂಬರಿನಲ್ಲಿ ಸ್ಟ್ಯಾಂಡ್ ಕಾಲು ಹೂತುಹೋಗುತ್ತೆ. ಪೊಳ್ಳು ಸಿಮೆಂಟ್ ಇಟ್ಟಿಗೆ ಯಾವತ್ತೂ ಬೇಡ. ಸಮವಾಗಿ ಹರಡಿದ ಭಾರ ಹೊತ್ತರೂ ಒಂದೇ ಬಿಂದುವಿನ ಮೇಲೆ ಭಾರ ಬಿದ್ದರೆ ಅದು ಹೇಳದೆ ಪುಡಿಯಾಗುತ್ತೆ. ಸ್ಟ್ಯಾಂಡನ್ನೂ ಕಣ್ಣುಮುಚ್ಚಿ ನಂಬಬೇಡಿ, 2020ರಲ್ಲಿ ಅಮೆರಿಕದಲ್ಲಿ ಲಕ್ಷಗಟ್ಟಲೆ ಜ್ಯಾಕ್ ಸ್ಟ್ಯಾಂಡ್‌ಗಳನ್ನ ದೋಷದ ಕಾರಣಕ್ಕೆ ವಾಪಸ್ ಕರೆಸಿದ್ದರು. ಬಿಚ್ಚಿದ ಚಕ್ರವನ್ನ ಚಾಸಿಸ್ ಕೆಳಗೆ ಮಲಗಿಸಿಡಿ. ಮನೇಲಿ ಇನ್ನೊಬ್ಬರು ಇರೋ ದಿನವೇ ಕೆಲಸಕ್ಕೆ ಕೈಹಾಕಿ.

ದೊಡ್ಡ ಟೈರ್ ಕೇಳೋ ಬೆಲೆ

ಟೈರ್ ಹಾಕೋದು ಸುಲಭ. ಅದರ ಪರಿಣಾಮ ಸುಲಭ ಅಲ್ಲ. 32 ಇಂಚಿನಿಂದ 35ಕ್ಕೆ ಹೋದ್ರೆ ಶೇ. 9ರಷ್ಟು ದೊಡ್ಡದು. ಸ್ಪೀಡೋಮೀಟರ್ 60 ತೋರಿಸುವಾಗ ನೀವು ನಿಜಕ್ಕೂ 65ಕ್ಕೂ ಹೆಚ್ಚು ಓಡ್ತಿರ್ತೀರಿ. ಅದನ್ನ ಒಂದು ಪ್ರೋಗ್ರಾಮರ್ ಸಾಧನದಿಂದ ಮನೇಲೇ ಸರಿಮಾಡಬಹುದು. ಬ್ರೇಕ್‌ಗೆ ಚಕ್ರದ ತ್ರಿಜ್ಯ ಅಂದ್ರೆ ಎದುರಾಳಿಯ ಕೈಯಲ್ಲಿನ ಸನ್ನೆಕೋಲು: ಅಷ್ಟೇ ಬೇಗ ನಿಲ್ಲಬೇಕಾದ್ರೆ ಪ್ಯಾಡ್‌ಗಳು ಶೇ. 9ರಷ್ಟು ಹೆಚ್ಚು ಒತ್ತಬೇಕು. ಮೇಲಿಂದ ಟೈರ್ ಭಾರವೂ ಜಾಸ್ತಿ, ಆ ಭಾರ ಅಂಚಿನಲ್ಲಿ ತಿರುಗ್ತಿರುತ್ತೆ. ರಾಕಿ ಪರ್ವತದ ಇಳಿಜಾರಿನಲ್ಲಿ ಸಾಮಾನು, ಮಕ್ಕಳು ತುಂಬಿಕೊಂಡು ಇಳಿಯುವಾಗ ಈ ಶೇ. 9 ನೆನಪಿರಲಿ.

ಗೇರ್ ಕೂಡ ಎತ್ತರ ಆಗುತ್ತೆ. 3.73 ಆಕ್ಸಲ್ ಅನುಪಾತ 35ರ ಟೈರ್ ಜೊತೆ 3.41ರ ತರ ನಡೆದುಕೊಳ್ಳುತ್ತೆ, ಬೆಟ್ಟ ಹತ್ತುವಾಗ ಏದುಸಿರು. ಮೊದಲಿನ ಹಾಗೆ ಆಗಬೇಕಾದ್ರೆ 4.10 ಬೇಕು, ಬಂಡೆ ಹತ್ತೋರು 4.56 ಅಥವಾ 4.88 ಹಾಕಿಸ್ತಾರೆ. ಈ ಕೆಲಸ ಮಾತ್ರ ಶಾಪ್‌ಗೇ. ಎರಡು ಹಲ್ಲುಚಕ್ರಗಳ ನಡುವಿನ ಸಡಿಲ ಸುಮಾರು 0.15ರಿಂದ 0.25 ಮಿಲಿಮೀಟರ್ ಒಳಗೆ ಬರಬೇಕು, ಅಂದ್ರೆ ಎರಡು-ಮೂರು ಕೂದಲಿನ ದಪ್ಪ. ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ, ಅಚ್ಚು ಬಿದ್ದ ಜಾಗ ಓದಿ, ಶಿಮ್ ಬದಲಿಸಿ, ಮತ್ತೆ ಬಿಚ್ಚಿ, ಮತ್ತೆ ಜೋಡಿಸಿ ನೋಡಬೇಕು. ಡಯಲ್ ಇಂಡಿಕೇಟರ್, ಬೇರಿಂಗ್ ಪ್ರೆಸ್, ಮುಖ್ಯವಾಗಿ ಆ ಅಚ್ಚು ಓದೋ ಕಣ್ಣು ಬೇಕು. ಮುಂದೆ-ಹಿಂದೆ ಎರಡರಲ್ಲೂ ಮಾಡಬೇಕು, ಇಲ್ಲದಿದ್ರೆ ಫೋರ್-ವೀಲ್ ಹಾಕಿದ ತಕ್ಷಣ ಎರಡು ಆಕ್ಸಲ್ ಒಂದನ್ನೊಂದು ಎಳೆದಾಡ್ತವೆ.

ಇನ್ನು ಉರುಳೋ ವಿಷಯ. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಒಂದು ಸರಳ ಅಳತೆ ಬಳಸುತ್ತೆ: ಎಡ-ಬಲ ಚಕ್ರಗಳ ಅಂತರವನ್ನ ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸೋದು. ಸಾಮಾನ್ಯ ಕಾರುಗಳಿಗೆ 1.3ರಿಂದ 1.5, ಎಸ್‌ಯುವಿಗಳಿಗೆ 1.0ರಿಂದ 1.3. ಚಕ್ರಗಳ ಅಂತರ 62 ಇಂಚು, ಗುರುತ್ವ ಕೇಂದ್ರ 28 ಇಂಚು ಎತ್ತರ ಅಂತ ಉದಾಹರಣೆಗೆ ಇಟ್ಟುಕೊಂಡರೆ 1.11. ಲಿಫ್ಟ್ ಮತ್ತು ಟೈರ್ ಸೇರಿ ಅದು 4 ಇಂಚು ಮೇಲೇರಿದರೆ 0.97. ಈ ಸಂಖ್ಯೆ 1ಕ್ಕಿಂತ ಕೆಳಗಿಳಿದರೆ, ಒಣ ರಸ್ತೆಯಲ್ಲಿ ದಿಢೀರ್ ತಿರುಗಿಸಿದಾಗ ಟೈರ್ ಜಾರೋ ಮುಂಚೆಯೇ ಗಾಡಿ ಮಗುಚೋ ಸಾಧ್ಯತೆ ಬರುತ್ತೆ. ಶಾಪ್‌ನಲ್ಲಿ ಮಾಡಿಸಿದ್ರೂ ಮನೇಲಿ ಮಾಡಿದ್ರೂ ಈ ಲೆಕ್ಕ ಒಂದೇ. ಮಕ್ಕಳ ಬಗ್ಗೆ ಕೇಳಿದಿರಲ್ಲ, ಅದಕ್ಕೆ ನನ್ನ ಸಲಹೆ: 3 ಇಂಚು ನಿಜಕ್ಕೂ ಬೇಕಾ ಅಂತ ಮತ್ತೆ ಯೋಚಿಸಿ. ಮೋಆಬ್‌ನಲ್ಲಿ ಕಾರ್ಖಾನೆಯ ಎತ್ತರದಲ್ಲೇ ಹೋಗಬಹುದಾದ ದಾರಿಗಳು ಬೇಕಾದಷ್ಟಿವೆ. ರೂಫ್ ರ‍್ಯಾಕ್ ಮೇಲೆ ಟೆಂಟ್, ನೀರಿನ ಕ್ಯಾನ್ ಹೇರೋ ಯೋಚನೆ ಇದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಲೈಟ್, ವೈರಿಂಗ್, ಬಂಪರ್, ಸ್ಕಿಡ್ ಪ್ಲೇಟ್ ಎಲ್ಲ ಮನೆಯ ಕೆಲಸವೇ. 120 ವ್ಯಾಟ್ ಲೈಟ್ ಬಾರ್ 12 ವೋಲ್ಟ್‌ನಲ್ಲಿ 10 ಆಂಪಿಯರ್ ಎಳೆಯುತ್ತೆ. ದಪ್ಪ ವೈರ್, ರಿಲೇ, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್. ಫ್ಯೂಸ್ ಲೈಟ್ ಹತ್ತಿರ ಇಟ್ಟರೆ ನಡುವಿನ ವೈರ್ ಉಜ್ಜಿ ಶಾರ್ಟ್ ಆದಾಗ ಅದು ಇದ್ದೂ ಇಲ್ಲದ ಹಾಗೆ. ವಿಂಚ್ ಪೂರ್ತಿ ಭಾರದಲ್ಲಿ 400 ಆಂಪಿಯರ್ ಆಸುಪಾಸು ಎಳೆಯುತ್ತೆ, ಅದರ ಕೇಬಲ್ ಚೂಪು ಲೋಹಕ್ಕೆ ತಾಗದ ಹಾಗೆ ಹಾಯಿಸಿ. ಸಿಕ್ಕಿಬಿದ್ದ ಗಾಡಿ ಎಳೆಯೋಕೆ ಟೋ ಬಾಲ್‌ಗೆ ಯಾವತ್ತೂ ಪಟ್ಟಿ ಹಾಕಬೇಡಿ. ಅದು ಕಿತ್ತು ಗುಂಡಿನ ಹಾಗೆ ಹಾರಿ ಜನ ಸತ್ತಿದ್ದಾರೆ. ರೋಲ್ ಕೇಜ್, ಚಾಸಿಸ್ ವೆಲ್ಡಿಂಗ್ ಮಾತ್ರ ಕಸುಬಿನವರಿಗೆ ಬಿಡಿ. ವೆಲ್ಡಿಂಗ್ ಹೊರಗಿನಿಂದ ಚೆಂದ ಕಂಡರೂ ಒಳಗೆ ಲೋಹ ಬೆರೆತಿದೆಯಾ ಅಂತ ಬರಿಗಣ್ಣಿಗೆ ಕಾಣಲ್ಲ.

ಶಾಪ್‌ಗೆ ಕೊಟ್ಟರೆ ಏನು ಕೇಳಬೇಕು

ಶಾಪ್ ಅಂದ್ರೆ ತಪ್ಪೇ ಆಗದ ಜಾಗ ಅಲ್ಲ. ಏರ್ ಗನ್‌ನಲ್ಲಿ ಟರ್‌ರ್ ಅನ್ನಿಸಿ ಮುಗಿಸೋ ಶಾಪ್‌ಗಳೂ ಇವೆ. ರೇಟು ಕೇಳೋ ಮುಂಚೆ ಇದನ್ನ ಕೇಳಿ: ಕಂಟ್ರೋಲ್ ಆರ್ಮ್ ಬೋಲ್ಟ್‌ಗಳನ್ನ ಗಾಡಿ ನೆಲದ ಮೇಲಿದ್ದಾಗ ಟಾರ್ಕ್ ಮಾಡ್ತೀರಾ? ಅಲೈನ್‌ಮೆಂಟ್‌ನ ಮುಂಚಿನ-ಆಮೇಲಿನ ಎರಡೂ ಪ್ರಿಂಟ್ ಕೊಡ್ತೀರಾ? ಐನೂರು ಮೈಲಿ ಆದಮೇಲೆ ಮತ್ತೆ ಬಿಗಿ ನೋಡ್ತೀರಾ? ಈ ಪ್ರಶ್ನೆಗೆ ಮುಖ ಸಿಂಡರಿಸಿದರೆ ಬೇರೆ ಶಾಪ್ ನೋಡಿ.

ಕೆಲವು ಬದಲಾವಣೆಗೆ ಶಾಪ್ ‘ಮಾಡಲ್ಲ’ ಅನ್ನಬಹುದು. ಸಿಟ್ಟಾಗಬೇಡಿ, ಕಾರಣ ಕೇಳಿ. ಕಾರ್ಖಾನೆ ಅಳವಡಿಸಿದ ಸುರಕ್ಷತಾ ವ್ಯವಸ್ಥೆಯನ್ನ ಗೊತ್ತಿದ್ದೂ ಕೆಲಸ ಮಾಡದ ಹಾಗೆ ಮಾಡೋದು ಅಮೆರಿಕದ ಸಂಘೀಯ ಕಾನೂನಿನಲ್ಲಿ ಡೀಲರ್ ಮತ್ತು ರಿಪೇರಿ ಶಾಪ್‌ಗಳಿಗೆ ನಿಷಿದ್ಧ. ಆ ನಿಷೇಧ ಮಾಲೀಕ ತನ್ನ ಗಾಡಿಗೆ ತಾನೇ ಮಾಡೋದಕ್ಕೆ ಅನ್ವಯ ಆಗಲ್ಲ. ಹಾಗಂತ ಶಾಪ್ ಬೇಡ ಅಂದದ್ದನ್ನ ಮನೇಲಿ ಮಾಡೋಕೆ ಅದು ಲೈಸೆನ್ಸ್ ಅಲ್ಲ, ಅವರು ಬೇಡ ಅಂದದ್ದೇ ನಿಮಗೆ ಒಂದು ಮಾಹಿತಿ. ವಾರಂಟಿ ಇರೋ ಹೊಸ ಗಾಡಿಯವರಿಗೆ: 1975ರ ಮ್ಯಾಗ್ನಸನ್-ಮಾಸ್ ಕಾಯ್ದೆ ಪ್ರಕಾರ ಹೊರಗಿನ ಭಾಗ ಹಾಕಿದ ಒಂದೇ ಕಾರಣಕ್ಕೆ ಇಡೀ ವಾರಂಟಿ ರದ್ದು ಮಾಡೋ ಹಾಗಿಲ್ಲ. ಆ ಭಾಗದಿಂದಲೇ ಕೆಟ್ಟಿತು ಅಂತಾದ್ರೆ ಆ ರಿಪೇರಿ ನಿರಾಕರಿಸಬಹುದು. ಎತ್ತರದ ಮಿತಿ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಇನ್ಶೂರೆನ್ಸ್ ಕಂಪನಿಗೂ ತಿಳಿಸಿ.

ಬೇರೆ ದೇಶದಲ್ಲಿ ಕೇಳ್ತಿರೋರಿಗೆ ಒಂದು ಮಾತು. ಜರ್ಮನಿಯಲ್ಲಿ ಇಂಥ ಬದಲಾವಣೆಯನ್ನ ಟ್ಯೂಫ್‌ನಂಥ ಸಂಸ್ಥೆಯಿಂದ ಪರೀಕ್ಷೆ ಮಾಡಿಸಿ ಗಾಡಿಯ ದಾಖಲೆಗೆ ಸೇರಿಸಬೇಕು. ಯುಎಇಯಲ್ಲಿ ಅನುಮತಿ ಇಲ್ಲದೆ ಚಾಸಿಸ್ ಬದಲಿಸಿದರೆ ದಂಡ, ಜಪ್ತಿ. ಕರ್ನಾಟಕದಲ್ಲಿ ಥಾರ್ ಇಟ್ಟುಕೊಂಡು ಕೇಳ್ತಿದ್ದರೆ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸೋದನ್ನ ತಡೆಯುತ್ತೆ, ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನೇ ಎತ್ತಿಹಿಡಿದಿದೆ. ಅಲ್ಲಿ ಶಾಪಾ ಮನೆಯಾ ಅನ್ನೋಕೆ ಮುಂಚೆ ಆರ್‌ಟಿಒ ಪ್ರಶ್ನೆ ಬರುತ್ತೆ.

ಕೊಲರಾಡೋದ ನಮ್ಮ ಕೇಳುಗರಿಗೆ ನಾನು ಹೇಳೋ ಹಂಚಿಕೆ ಇದು. ಮೊದಲು ಒಂದು ಶನಿವಾರ ಬರೀ ಶಾಕ್ ಅಬ್ಸಾರ್ಬರ್ ಬದಲಿಸಿ. ನಾಲ್ಕು ಚಕ್ರ ಬಿಚ್ಚಿ ಹಾಕೋ ಅಭ್ಯಾಸ ಆಗುತ್ತೆ, ಯಾವ ಬೋಲ್ಟ್ ತುಕ್ಕು ಹಿಡಿದಿದೆ ಅನ್ನೋದೂ ಗೊತ್ತಾಗುತ್ತೆ. ಆ ದಿನ ಖುಷಿಯಾಗಿ ಮುಗಿದರೆ ಸ್ಪ್ರಿಂಗ್, ಟ್ರ್ಯಾಕ್ ಬಾರ್, ಆರ್ಮ್ ನೀವೇ ಮಾಡಿ. ಬೈಕೊಂಡು, ಬೆರಳು ಜಜ್ಜಿಕೊಂಡು, ಅರ್ಧರಾತ್ರಿ ಮುಗಿದರೆ ಉಳಿದದ್ದು ಶಾಪ್‌ಗೆ. ಗೇರ್ ಮತ್ತು ಅಲೈನ್‌ಮೆಂಟ್ ಹೇಗಿದ್ದರೂ ಹೊರಗೆ. ನೀವೇ ಮಾಡಿದ್ದಕ್ಕೆ ಒಂದು ಲಾಭ ಇದೆ: ಮೋಆಬ್‌ನಲ್ಲಿ ಫೋನ್ ಸಿಗ್ನಲ್ ಇಲ್ಲದ ಕಣಿವೆಯಲ್ಲಿ ಕೆಳಗಿಂದ ಟಕ್ ಅನ್ನೋ ಸದ್ದು ಬಂದರೆ, ಯಾವ ಬೋಲ್ಟ್ ಅಂತ ನಿಮಗೆ ಅಂದಾಜಿರುತ್ತೆ, ಅದರ ಸಾಕೆಟ್ ಡಬ್ಬಿಯಲ್ಲಿರುತ್ತೆ.

ಮುಗಿದ ಮೇಲೆ ಮಕ್ಕಳನ್ನ ಬಿಟ್ಟು ಒಬ್ಬರೇ ಹೊರಡಿ. ಮೊದಲು ಮನೆ ಮುಂದೆ ಸ್ಟೀರಿಂಗ್ ಎರಡೂ ಕೊನೆಗೆ ತಿರುಗಿಸಿ, ಟೈರ್ ಅಥವಾ ಬ್ರೇಕ್ ಹೋಸ್ ಎಲ್ಲಾದರೂ ತಾಗುತ್ತಾ ನೋಡಿ. ಆಮೇಲೆ 25 ಮೈಲಿಯಲ್ಲಿ ಬ್ರೇಕ್, 45ರಲ್ಲಿ ಕೈ ಸಡಿಲ ಬಿಟ್ಟು ಗಾಡಿ ಯಾವ ಕಡೆ ಎಳೆಯುತ್ತೆ ನೋಡಿ. ವಾಪಸ್ ಬಂದು ಪ್ರತಿ ಬೋಲ್ಟ್‌ಗೆ ಟಾರ್ಕ್ ರೆಂಚ್ ಹಾಕಿ, ತಲೆ ಮತ್ತು ಬ್ರಾಕೆಟ್ ಮೇಲೆ ಅಡ್ಡಲಾಗಿ ಪೇಂಟ್ ಪೆನ್‌ನಲ್ಲಿ ಒಂದು ಗೆರೆ ಎಳೆಯಿರಿ. 100 ಮೈಲಿ ಆದಮೇಲೆ ಮತ್ತೆ ಒಮ್ಮೆ, 500 ಆದಮೇಲೆ ಇನ್ನೊಮ್ಮೆ. ಗೆರೆ ಮುರಿದಿದ್ದರೆ ಬೋಲ್ಟ್ ಅಲ್ಲಾಡಿದೆ. ಚಕ್ರದ ನಟ್‌ಗಳಿಗೂ ಇದೇ.

ಮುಂದಿನ ಸಂಚಿಕೆಯಲ್ಲಿ ಮರಳಿನಲ್ಲಿ ಟೈರ್ ಗಾಳಿ ಇಳಿಸೋದು ಯಾಕೆ ಅನ್ನೋದನ್ನ ನೋಡೋಣ, ದುಬೈ ಕಡೆಯವರು ಬಹಳ ದಿನದಿಂದ ಕೇಳ್ತಿದ್ದೀರಿ.